ಮೂರೂ ಇಪ್ಪತ್ತರ ಲೆಕ್ಕ

ಕಾದ ಸೈಲೆನ್ಸರಿನ ವಾಸನೆ ಮೂಗಿಗೆ ಬಡಿದರೆ ಸಾಕು, ಕೊಟ್ಟೂರಿನ ನಮ್ಮ ಹಳೇ ಮನೆಯ ಪಡಸಾಲೆ ಕಣ್ಣೆದುರು ಬಂದು ನಿಲ್ಲುತ್ತದೆ. ತಣ್ಣನೆಯ ಕಲ್ಲಿನ ನೆಲ, ಗೋಡೆಗೊರಗಿದ ಜೋಳದ ಚೀಲಗಳು, ಪಕ್ಕದಲ್ಲಿ ಅಜ್ಜಿಯ ಮಂಚ. ಆ ಮನೆ ಈಗಿಲ್ಲ. ನಿಮಗೂ ಅಂಥದ್ದೊಂದು ಮನೆ ಇದ್ದು, ಇಲ್ಲವಾಗಿರಬಹುದು.

ನಾನಾಗ ಏಳನೇ ಕ್ಲಾಸು, ಲೆಕ್ಕದಲ್ಲಿ ಜಾಣೆ ಎಂಬ ಕೊಬ್ಬು ಬೇರೆ. ಅಂದು ಮಧ್ಯಾಹ್ನ ಡಾಕ್ಟರು ಅಜ್ಜಿಯ ನಾಡಿ ನೋಡಿ, ಅಪ್ಪನನ್ನು ಹೊರಗೆ ಕರೆದು ಮಾತಾಡಿದರು. ಅಜ್ಜಿಗೆ ಬೇಕಾಗಿದ್ದುದು ಮಗಳ ಮುಖವೊಂದೇ. ನನ್ನ ಆ ಅತ್ತೆ ಹರಪನಹಳ್ಳಿ ಕಡೆಯ ಹಳ್ಳಿಯಲ್ಲಿದ್ದಳು, ಎಂಟು ತಿಂಗಳ ಬಸುರಿ. ಬಸುರಿಯಾದವಳು ಸಾವಿನ ಮನೆಯ ಹೊಸ್ತಿಲು ದಾಟಬಾರದೆಂಬುದು ನಮ್ಮಲ್ಲಿ ಕಟ್ಟುನಿಟ್ಟು; ಅಜ್ಜಿಗೆ ಉಸಿರಿರುವಾಗಲೇ ಬರಬೇಕು. "ಕಳಿಸ್ತೀವಿ ಅಂತ ಫೋನಿನ್ಯಾಗ ಅಂದಾರ, ಯವ್ವಾ" ಎಂದು ಅಪ್ಪ ಹೇಳಿದರೂ ಅಜ್ಜಿಗೆ ಬೀಗರ ಮೇಲೆ ನಂಬಿಕೆಯಿಲ್ಲ. ಸರಿಯಾಗಿ ಎರಡು ಗಂಟೆಗೆ ಚಿಕ್ಕಪ್ಪ ಬೈಕ್ ಹತ್ತಿದ. "ಮೂವತ್ತು ಕಿಲೋಮೀಟರ್ ಐತಿ. ಹೋಗಾಗ ಅರವತ್ತರಾಗ ಹೋಗ್ತೀನಿ. ಬರಾಗ ಮೂವತ್ತರ ಮ್ಯಾಲೆ ಹೊಡಿಯಾಂಗಿಲ್ಲ, ಹೊಟ್ಯಾಗ ಕೂಸೈತಿ" ಎಂದ.

"ಎಷ್ಟೊತ್ತಿಗೆ ಬರ್ತಾರವಾ?" ಅಜ್ಜಿ ಕೇಳಿದ್ದು ನನ್ನನ್ನೇ. ಅರವತ್ತಕ್ಕೆ ಮೂವತ್ತು ಕೂಡಿಸಿ ಅರ್ಧ ಮಾಡಿದೆ, ಸರಾಸರಿ ನಲವತ್ತೈದು. ಹೋಗಿಬರಲು ಅರವತ್ತು ಕಿಲೋಮೀಟರ್, ಅಂದರೆ ಒಂದು ಗಂಟೆ ಇಪ್ಪತ್ತು ನಿಮಿಷ. "ಮೂರೂ ಇಪ್ಪತ್ತಕ್ಕ ಬಾಗಿಲಾಗ ಇರ್ತಾರ ಅಜ್ಜಿ" ಎಂದು ಎದೆಯುಬ್ಬಿಸಿ ಹೇಳಿದೆ. ಆಮೇಲೆ ಅಜ್ಜಿ ಗೋಡೆಯ ಗಡಿಯಾರ ಬಿಟ್ಟು ಬೇರೇನೂ ನೋಡಲಿಲ್ಲ. ಅಮ್ಮ ನೀರು ತಂದರೆ ತಲೆಯಾಡಿಸಿ ಬೇಡವೆಂದಳು. ಮೂರಾಯಿತು, ಮೂರೂ ಹತ್ತಾಯಿತು. ಬೀದಿಯಲ್ಲಿ ಯಾವ ಬೈಕ್ ಸದ್ದಾದರೂ ನಾನು ಬಾಗಿಲಿಗೆ ಓಡುತ್ತಿದ್ದೆ. ಮೂರೂ ಇಪ್ಪತ್ತು ದಾಟಿತು. ಇನ್ನೂ ಮೂರು ನಿಮಿಷ ಕಾದು ಅಜ್ಜಿ, "ಕಳಿಸ್ಲಿಲ್ಲ ಬಿಡವಾ ಅವರು" ಎಂದು ಗೋಡೆಯ ಕಡೆ ಮುಖ ಮಾಡಿದಳು. ಸ್ವಲ್ಪ ಹೊತ್ತಿಗೆ ಅಮ್ಮ ಅವಳ ಮೂಗಿನ ಬಳಿ ಬೆರಳಿಟ್ಟು ನೋಡಿ, ಸೆರಗು ಬಾಯಿಗೊತ್ತಿಕೊಂಡಳು.

ಮೂರೂವರೆಗೆ ಬೈಕ್ ಬಂತು. ಚಿಕ್ಕಪ್ಪ ಒಂದು ನಿಮಿಷವೂ ತಡ ಮಾಡಿರಲಿಲ್ಲ; ಅತ್ತೆ ಬಾಗಿಲಲ್ಲೇ ತಯಾರಾಗಿ ನಿಂತಿದ್ದಳಂತೆ. ಹೋಗಲು ಅರ್ಧ ಗಂಟೆ, ಬರಲು ಒಂದು ಗಂಟೆ. ನಿಧಾನದ ದಾರಿಗೇ ಹೆಚ್ಚು ಹೊತ್ತು ಹಿಡಿಯುವುದರಿಂದ ಸರಾಸರಿ ನಲವತ್ತೇ ಆಗುತ್ತದೆ. ಇಷ್ಟು ಸಣ್ಣ ವಿಷಯ ನನ್ನ ಜಾಣತನಕ್ಕೆ ಹೊಳೆದಿರಲಿಲ್ಲ. ಮೂರೂವರೆ ಎಂದಿದ್ದರೆ ಅಜ್ಜಿ ಉಳಿಯುತ್ತಿರಲಿಲ್ಲ, ನಿಜ. ಮಗಳು ದಾರಿಯಲ್ಲಿದ್ದಾಳೆ ಎಂದುಕೊಂಡು ಹೋಗುತ್ತಿದ್ದಳು.

ಅತ್ತೆಯನ್ನು ಅಂಗಳದಲ್ಲೇ ತಡೆದರು. ಅವಳು ನನ್ನ ಕೈ ಹಿಡಿದು, "ಅವ್ವ ಏನಂದ್ಲು?" ಎಂದು ಕೇಳಿದಳು.

"ನನ್ನ ಮಗಳು ಬಂದೇ ಬರ್ತಾಳ ಅಂದ್ಲು" ಎಂದೆ.

ಅತ್ತೆ ಈಗಲೂ ಆ ಮಾತನ್ನು ತನ್ನ ಮಗಳಿಗೆ ಹೇಳುತ್ತಿರುತ್ತಾಳೆ. ನಾನು ಎದ್ದು ಒಳಗೆ ಹೋಗುತ್ತೇನೆ.