ಗಾಡಿ ಪುಟಕ್ಕೆ ಕಾವಲಿರಲಿಲ್ಲ

ಆಫೀಸಿನಲ್ಲಿ ಅವಳನ್ನು ಎಲ್ಲರೂ ಹಲೋ ಅಕ್ಕ ಎಂದೇ ಕರೆಯುತ್ತಿದ್ದರು. ಹರೆಯವನ್ನೆಲ್ಲ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಳೆದು, ಕಂಡವರ ಮಾತಿಗೆಲ್ಲ ತಂತಿ ಜೋಡಿಸಿದವಳು. ಎಕ್ಸ್‌ಚೇಂಜ್ ಮುಚ್ಚಿದಾಗ ಗಂಡ, "ಇನ್ನಾದ್ರೂ ಆರಾಮಾಗಿರು" ಅಂದ. ಆರಾಮಾಗಿರುವುದು ಅವಳ ಜಾಯಮಾನದಲ್ಲೇ ಇರಲಿಲ್ಲ. ಮಗಳು ಬಿಸಾಡಿದ ಲ್ಯಾಪ್‌ಟಾಪು ಹಿಡಿದುಕೊಂಡು, ಅದೇ ಮಗಳ ಹತ್ತಿರ ಬೈಸಿಕೊಳ್ಳುತ್ತಾ, ವೆಬ್‌ಸೈಟ್ ಕಟ್ಟುವುದನ್ನು ಕಲಿತಳು. ತಲೆ ನರೆಯತೊಡಗಿದ ಮೇಲೆ, ಹೊಲಿಗೆ ಅಂಗಡಿಯ ಮಹಡಿಯಲ್ಲಿದ್ದ ಸಣ್ಣದೊಂದು ಆಫೀಸಿಗೆ ಕೆಲಸಕ್ಕೆ ಸೇರಿದಳು. ಯಜಮಾನ ಅವಳಿಗಿಂತ ಬಹಳ ಚಿಕ್ಕವನು. ಅವನು ಅವಳನ್ನು ಅಕ್ಕ ಅನ್ನುತ್ತಿದ್ದ, ಅವಳು ಅವನನ್ನು ಸರ್ ಅನ್ನುತ್ತಿದ್ದಳು. ಇದು ಇಬ್ಬರಿಗೂ ಒಗ್ಗಿಹೋಗಿತ್ತು.

ಅಲ್ಲಿ ಅವಳು ಜೀವ ತೇದು ಮಾಡಿದ ಕೆಲಸವೆಂದರೆ ಒಂದು ಆಶ್ರಯ ಸಂಸ್ಥೆಯ ಸೈಟು. ಮನೆಯಲ್ಲಿ ಹೊಡೆತ ತಿಂದು ತಾಳಲಾರದೆ ಹೊರಬರುವ ಹೆಂಗಸರಿಗೆ ಆ ಸಂಸ್ಥೆ ನೆರಳು ಕೊಡುತ್ತಿತ್ತು. ಅದನ್ನು ನಡೆಸುವಾಕೆ ಎಲ್ಲರ ಬಾಯಲ್ಲೂ ದೊಡ್ಡಮ್ಮ. ಹೆಂಗಸರು ದೊಡ್ಡಮ್ಮನಿಗೆ ಬರೆದು ಮಾತಾಡಲು ಸೈಟಿನಲ್ಲಿ ಒಂದು ಪುಟವಿತ್ತು, ಸಿಬ್ಬಂದಿಗೆ ಇನ್ನೊಂದು. ಇಂಥ ಸೈಟಿನಲ್ಲಿ ಪುಟಗಳೆಲ್ಲ ಒಂದೇ ಗಂಟಾಗಿ ನೋಡುವವರ ಬ್ರೌಸರಿಗೆ ಇಳಿದುಬಿಡುತ್ತವೆ. ಬ್ರೌಸರಿನ ಮೇಲ್ಭಾಗದಲ್ಲಿರುವ ವಿಳಾಸದ ಕೊನೆಯ ಪದ ಬದಲಿಸಿದರೆ ಸಾಕು, ಪುಟ ಬದಲಾಗುತ್ತದೆ. ಅದಕ್ಕೇ ಪ್ರತಿ ಪುಟದ ದಾರಿಗೂ ಕಾವಲು ಹಾಕಬೇಕು. ಬಂದವರು ಯಾರು, ಇವರಿಗೆ ಈ ಪುಟ ನೋಡುವ ಹಕ್ಕಿದೆಯೇ ಎಂದು ಕೋಡು ಕೇಳಬೇಕು. ಪುಟಕ್ಕೆ ಮಾಹಿತಿ ಕೊಡುವ ಸರ್ವರ್ ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಬೇಕು.

ಹಿಂದಿನ ವಾರ ದೊಡ್ಡಮ್ಮ ಅವಸರದಲ್ಲಿ ಹೊಸ ಪುಟವೊಂದನ್ನು ಕೇಳಿದ್ದಳು. ಯಾರನ್ನು ಎಲ್ಲಿಂದ ಕರೆತರಬೇಕೆಂದು ಡ್ರೈವರಿಗೆ ತೋರಿಸುವ ಗಾಡಿ ಪುಟ. ಹಲೋ ಅಕ್ಕ ಒಂದೇ ದಿನದಲ್ಲಿ ಕಟ್ಟಿದಳು. ಕಾವಲಿಗೆ ಇನ್ನೊಂದು ದಿನ ಬೇಕು ಅಂದಾಗ ಯಜಮಾನ, "ಮೆನುವಿನಲ್ಲಿ ಡ್ರೈವರಿಗೆ ಮಾತ್ರ ಕಾಣೋ ಹಾಗೆ ಮಾಡಿ ಸಾಕು ಅಕ್ಕ. ಲಾಗಿನ್ ಅಂತೂ ಇದ್ದೇ ಇದೆಯಲ್ಲ. ಉಳಿದಿದ್ದು ಸೋಮವಾರ ನೋಡೋಣ" ಅಂದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯ್ತು ಅಂತ ಅವಳಿಗೆ ಅನ್ನಿಸಿತು, ಆದರೂ ಹೂಂ ಅಂದಳು. ಸೋಮವಾರ ಬೇರೆ ಕೆಲಸ ಹೊತ್ತುಕೊಂಡೇ ಬಂತು.

ಗುರುವಾರ ಮಧ್ಯಾಹ್ನ ಅವಳು ಬುತ್ತಿ ಬಿಚ್ಚುವ ಹೊತ್ತಿಗೆ ದೊಡ್ಡಮ್ಮನ ಫೋನು ಬಂತು. ದನಿ ತಗ್ಗಿತ್ತು.

"ಹಲೋ ಅಕ್ಕ, ಒಂದು ಹುಡುಗಿ ಇವತ್ತು ಸಂಜೆ ಮನೆ ಬಿಟ್ಟು ಬರ್ತಾಳೆ. ಗಾಡಿ ಎಲ್ಲಿ ನಿಲ್ಲುತ್ತೆ ಅಂತ ಅವಳಿಗೆ ನಾನಿನ್ನೂ ಹೇಳೇ ಇಲ್ಲ. ಈಗ ಅವಳ ಹೆಸರಲ್ಲಿ ಮೆಸೇಜ್ ಬಂದಿದೆ, ಹಳೇ ಗಿರಣಿ ಗೇಟಿಗೆ ಬರುವಾಗ ಗಾಡೀಲಿ ಎಷ್ಟು ಜನ ಇರ್ತೀರಿ ಅಂತ."

"ಗಿರಣಿ ವಿಷಯ ಎಲ್ಲಿ ಬರೆದಿದ್ರಿ ದೊಡ್ಡಮ್ಮ?"

"ಗಾಡಿ ಪುಟದಲ್ಲಿ. ಇನ್ನೆಲ್ಲೂ ಇಲ್ಲ."

ಹಲೋ ಅಕ್ಕ ಫೋನನ್ನು ಸ್ಪೀಕರಿಗೆ ಹಾಕಿದಳು. ಬುತ್ತಿ ಪಕ್ಕಕ್ಕೆ ಸರಿಸಿ ಸರ್ವರಿನ ದಾಖಲೆ ತೆರೆದಳು. ಹುಡುಗಿಯ ಖಾತೆ ಎರಡು ಕಡೆ ತೆರೆದಿತ್ತು. ಒಂದು ಅವಳು ಬಿಲ್ಲು ಬರೆಯುವ ಔಷಧಿ ಗೋದಾಮಿನ ಕಂಪ್ಯೂಟರಿನಲ್ಲಿ, ದಿನಾ ಇರುವಂತೆ. ಇನ್ನೊಂದು ಇವತ್ತು ಬೆಳಗ್ಗೆಯಷ್ಟೇ ಒಂದು ಮೊಬೈಲಿನಲ್ಲಿ. ಮೊಬೈಲಿನಲ್ಲಿದ್ದವರು ಮೊದಲು ಮಾತಿನ ಪುಟ ಓದಿದ್ದರು. ಆಮೇಲೆ ವಿಳಾಸದ ಕೊನೆಯ ಪದ ಅಳಿಸಿ ಸಿಬ್ಬಂದಿ ಪುಟಕ್ಕೆ ಕೈ ಹಾಕಿದ್ದರು. ಅಲ್ಲಿ ಕಾವಲಿತ್ತು, ಬಿಡಲಿಲ್ಲ. ಮತ್ತೆ ಅಳಿಸಿ ಗಾಡಿ ಎಂದು ಹೊಡೆದಿದ್ದರು. ಅಲ್ಲಿ, ಲಾಗಿನ್ ಆಗಿದೆಯೇ ಎಂದಷ್ಟೇ ಕೇಳಿ ಬಾಗಿಲು ತೆರೆದುಕೊಂಡಿತ್ತು.

"ಅವಳ ಗಂಡನೇ. ಫೋನ್ ಕಿತ್ಕೊಂಡಿರ್ಬೇಕು" ಅಂದಳು ದೊಡ್ಡಮ್ಮ.

ಯಜಮಾನ ಹಿಂದೆ ಬಂದು ನಿಂತಿದ್ದ. "ಸೈಟೇ ಮುಚ್ಚಿಬಿಡಿ ಅಕ್ಕ, ಮೊದಲು ಮುಚ್ಚಿ."

"ಮುಚ್ಚಿದ್ರೆ ಆ ಹುಡುಗಿಗೆ ಸುದ್ದಿ ಮುಟ್ಟಿಸೋದು ಹೇಗೆ ಸರ್? ಅವಳ ಹತ್ರ ಫೋನಿಲ್ಲ. ಇರೋದು ಗೋದಾಮಿನ ಕಂಪ್ಯೂಟರಿನಲ್ಲಿ ತೆರೆದಿರೋ ಮಾತಿನ ಪುಟ ಒಂದೇ. ಹೇಳದೆ ಬಿಟ್ರೆ ಸಂಜೆ ಮನೆಗೆ ಹೋಗ್ತಾಳೆ. ಅವನು ಅಲ್ಲೇ ಕೂತಿರ್ತಾನೆ."

"ಆ ಪುಟದಲ್ಲಿ ಬರೆದಿದ್ದನ್ನ ಅವನೂ ಓದ್ತಾನಲ್ಲ."

ಅತ್ತ ದರಿ, ಇತ್ತ ಪುಲಿ. ಕೆಳಗಿನ ಹೊಲಿಗೆ ಯಂತ್ರಗಳೂ ಊಟಕ್ಕೆ ನಿಂತು, ಮಹಡಿಯಲ್ಲಿ ಫ್ಯಾನಿನ ಸದ್ದೊಂದೇ ಉಳಿಯಿತು. ಹಲೋ ಅಕ್ಕ ಮೊದಲು ಗಾಡಿ ಪುಟದ ಮಾಹಿತಿಯನ್ನು ಡ್ರೈವರಿಗೆ ಬಿಟ್ಟು ಬೇರೆ ಯಾರಿಗೂ ಕೊಡದಂತೆ ಸರ್ವರಿನಲ್ಲೇ ಕಟ್ಟಿಹಾಕಿದಳು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಆದರೂ ಹಾಕಬೇಕಿತ್ತು. ಆಮೇಲೆ ಯಜಮಾನನಿಗೆ ಹೇಳಿದಳು: "ಮೊಬೈಲಿನ ಲಾಗಿನ್ ಕತ್ತರಿಸ್ತೀನಿ, ಗೋದಾಮಿನದ್ದು ಹಾಗೇ ಬಿಡ್ತೀನಿ."

"ಕತ್ತರಿಸಿದ್ರೆ ಮತ್ತೆ ಒಳಗೆ ಬರ್ತಾನೆ. ಓಟಿಪಿ ಹೋಗೋದು ಅದೇ ಫೋನಿಗೆ."

"ಅದಕ್ಕೇ ಈ ಖಾತೆಗೆ ಹೊಸ ಲಾಗಿನ್ ಆಗದ ಹಾಗೆ ಮೊದಲು ತಡೀತೀನಿ. ಕತ್ತರಿಸೋದು ಆಮೇಲೆ. ಹಿಂದುಮುಂದಾದ್ರೆ ಕೆಟ್ಟೆವು."

ಎರಡು ಸಾಲು ಬರೆದು, ಓದಿ, ಮತ್ತೆ ಓದಿ ಒತ್ತಿದಳು. ಹುಡುಗಿಯ ಹೆಸರಿನ ಮುಂದೆ ಗೋದಾಮಿನ ಕಂಪ್ಯೂಟರೊಂದೇ ಉಳಿಯಿತು.

"ಅಲ್ಲಿ ಕೂತಿರೋದು ಅವಳೇ ಅಂತ ಏನು ಗ್ಯಾರಂಟಿ?" ಅಂದ ಯಜಮಾನ.

ಹಲೋ ಅಕ್ಕ, ಫೋನಿನಲ್ಲೇ ಕಾಯುತ್ತಿದ್ದ ದೊಡ್ಡಮ್ಮನಿಗೆ, "ಅವಳಿಗೊಬ್ಬಳಿಗೇ ಗೊತ್ತಿರೋದು ಏನಾದ್ರೂ ಕೇಳಿ" ಅಂದಳು. ದೊಡ್ಡಮ್ಮ ಬರೆದಳು: ಮೊದಲ ಸಲ ನನ್ನನ್ನು ನೋಡಲು ಬಂದವಳು ಏನು ಎಡವಟ್ಟು ಮಾಡಿಕೊಂಡು ಹೋದೆ?

ಉತ್ತರ ಬರಲಿಲ್ಲ. ಅಷ್ಟರಲ್ಲಿ ದಾಖಲೆಯಲ್ಲಿ ಹೊಸ ಸಾಲು ಕಾಣಿಸಿತು. ಮೊಬೈಲಿನಿಂದ ಲಾಗಿನ್ ಪ್ರಯತ್ನ, ನಿರಾಕರಣೆ. ಅದರ ಕೆಳಗೆ ಇನ್ನೊಂದು, ಮತ್ತೊಂದು. ಅವನು ಬಾಗಿಲು ಗುದ್ದುತ್ತಿದ್ದ. ಸದ್ದಿಲ್ಲದ ಆ ಗುದ್ದು ಅವಳ ಬೆನ್ನುಮೂಳೆಗೇ ಬೀಳುವಂತಿತ್ತು. ಆಮೇಲೆ ಥಟ್ಟನೆ ನಿಂತಿತು. ನಿಂತದ್ದು ಇನ್ನೂ ಕೆಟ್ಟದೆನಿಸಿತು. ಬೈಕು ಹತ್ತಿ ಗೋದಾಮಿಗೇ ಹೊರಟನೋ ಏನೋ, ಯಾರಿಗೆ ಗೊತ್ತು.

"ಬಂತು, ಉತ್ತರ ಬಂತು" ಅಂದಳು ದೊಡ್ಡಮ್ಮ. "ನಿಮ್ಮ ಚಪ್ಪಲಿ ಹಾಕ್ಕೊಂಡು ಹೋಗಿದ್ದೆ, ಅದೂ ಎಡಗಾಲಿಂದು ಮಾತ್ರ ಅಂತ ಬರೆದಿದ್ದಾಳೆ."

ಯಜಮಾನ ನಕ್ಕನೋ ಬಿಕ್ಕಿದನೋ ತಿಳಿಯಲಿಲ್ಲ. ದೊಡ್ಡಮ್ಮ ಆ ಕಡೆ ಬರೆಯುತ್ತಾ, ಈ ಕಡೆ ಗಟ್ಟಿಯಾಗಿ ಓದುತ್ತಿದ್ದಳು. ಸಂಜೆ ಬೇಡ ಮಗಳೇ, ಈಗಲೇ. ಗಿರಣಿ ಅಂತ ಯಾರಾದರೂ ಹೇಳಿದರೆ ನಂಬಬೇಡ. ಗೋದಾಮಿನ ಹಿಂದೆ ಸರಕು ಇಳಿಸುವ ಕಡೆ ಗಾಡಿ ಬರುತ್ತೆ, ನಮ್ಮ ಡ್ರೈವರಮ್ಮನ ಮುಖ ನಿನಗೆ ಗೊತ್ತು. ಚೀಲ ಅಲ್ಲೇ ಬಿಟ್ಟು ಬಾ. ಹುಡುಗಿಯಿಂದ ಬಂದದ್ದು ಒಂದೇ ಪದ, ಆಯ್ತು.

ಆಮೇಲೆ ಗೋದಾಮಿನ ಕಂಪ್ಯೂಟರೂ ಮೌನವಾಯಿತು. ಹಲೋ ಅಕ್ಕ ಪರದೆಯಿಂದ ಕಣ್ಣು ಕೀಳಲಿಲ್ಲ. ಕೆಳಗೆ ಯಂತ್ರಗಳು ಮತ್ತೆ ಶುರುವಾದವು. ಬುತ್ತಿಯ ಅನ್ನ ಆರಿ ಗಟ್ಟಿಯಾಯಿತು. ಯಜಮಾನ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ. "ಸೋಮವಾರ ಅಂದಿದ್ದು ನಾನು" ಅಂದ.

"ಹೂಂ ಅಂದಿದ್ದು ನಾನಲ್ವಾ ಸರ್."

ಕೊನೆಗೂ ಫೋನು ಬಂತು. "ಹತ್ತಿದ್ಲು. ಊರು ದಾಟಿದ್ರು" ಅಂದಳು ದೊಡ್ಡಮ್ಮ. ಹಲೋ ಅಕ್ಕ ಫೋನು ಕೆಳಗಿಟ್ಟು, ಬಾತ್‌ರೂಮಿಗೆ ಹೋಗಿ, ನಲ್ಲಿ ಜೋರಾಗಿ ತಿರುಗಿಸಿ ಅತ್ತಳು.

ಆ ಸಂಜೆ ಹುಡುಗಿಯ ಗಂಡ ತನ್ನ ತಮ್ಮನ ಜೊತೆ ಗಿರಣಿ ಗೇಟಿನೆದುರು ಕಾದಿದ್ದ. ದೊಡ್ಡಮ್ಮ ತಿಳಿಸಿದ್ದರಿಂದ ಮಫ್ತಿಯಲ್ಲಿ ಬಂದಿದ್ದ ಪೊಲೀಸರು ಅವನನ್ನು ಕರೆದೊಯ್ದರು. ಹುಡುಗಿಯ ಫೋನು ಅವನ ಜೇಬಿನಲ್ಲೇ ಸಿಕ್ಕಿತು.

ಮರುದಿನ ದೊಡ್ಡಮ್ಮ ಮೊಣಕಾಲು ಹಿಡಿದುಕೊಂಡು ಆಫೀಸಿನ ಮೆಟ್ಟಿಲು ಹತ್ತಿ ಬಂದಳು. ಹಲೋ ಅಕ್ಕ ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದಳು. ದೊಡ್ಡಮ್ಮ ನೀರು ಕುಡಿದು, ಲೋಟ ಇಟ್ಟು, "ನಿನ್ನೆ ನೀನು ಮಾಡಿದ್ದಕ್ಕೆ ಕೈ ಮುಗೀತೀನಿ. ಹೋದ ವಾರ ಮಾಡದೆ ಬಿಟ್ಟಿದ್ದಕ್ಕೆ ಸಿಟ್ಟೂ ಇದೆ. ಎರಡೂ ಇರುತ್ತೆ" ಅಂದಳು. ಹೊರಗಿನವರು ಯಾರಾದರೂ ಬಂದು ಸೈಟನ್ನು ಪೂರ್ತಿ ಪರೀಕ್ಷಿಸುವವರೆಗೆ ಗಾಡಿಯ ವಿಷಯ ಬಾಯಿಮಾತಿನಲ್ಲೇ ನಡೆಯಲಿ ಎಂದಳು.

ಪರೀಕ್ಷಿಸಲು ಬಂದಾತ ಇನ್ನೂ ಒಂದು ತೂತು ಹುಡುಕಿದ. ಹಲೋ ಅಕ್ಕನಿಗೆ ಅವಮಾನವಾಯಿತು, ಮುಚ್ಚಿದಳು. ಅಂದಿನಿಂದ ಅವಳು ಸೈಟು ಕಟ್ಟುವ ಕ್ರಮವೇ ಬದಲಾಯಿತು. ಹೊಸ ಪುಟ ಯಾವುದೇ ಇರಲಿ, ಇಂಥವರಿಗೆ ಎಂದು ಬರೆಯುವವರೆಗೆ ಅದು ಎಲ್ಲರಿಗೂ ಮುಚ್ಚಿಯೇ ಇರುತ್ತಿತ್ತು. ಯಜಮಾನ ಅವಸರಪಡಿಸಿದರೆ, "ಆಗಲ್ಲ ಸರ್" ಎಂದಷ್ಟೇ ಹೇಳುತ್ತಿದ್ದಳು. ಅವನೂ ಕಾಯುತ್ತಿದ್ದ.

ಮಳೆಗಾಲ ಮುಗಿದ ಮೇಲೊಂದು ದಿನ ದೊಡ್ಡಮ್ಮ ಫೋನು ಮಾಡಿ, ಆ ಹುಡುಗಿಯ ಖಾತೆ ತೆಗೆದುಬಿಡು, ಅವಳಿಗಿನ್ನು ಅದು ಬೇಕಿಲ್ಲವಂತೆ ಅಂದಳು. ಅವಳು ಎಲ್ಲಿದ್ದಾಳೆ, ಹೇಗಿದ್ದಾಳೆ ಎಂದು ಹಲೋ ಅಕ್ಕ ಕೇಳಲಿಲ್ಲ. ಖಾತೆ ಅಳಿಸಿ, ಅಳಿಸಿದೆ ಎಂದು ತಿಳಿಸಿ, ಊಟಕ್ಕೆ ಎದ್ದಳು.