ಕ್ಷೌರದಂಗಡಿಯಲ್ಲಿ ಕಡಲಹಾವು

ಜಪಾನಿನ ಉವಾಜಿಮಾ ಪೇಟೆಯಲ್ಲಿ ಮೀನುವಡೆ ಕರಿದು ಮಾರುವ ಹಮಾಜಿ ಕಿನುಯೊಗೆ ಇದ್ದ ಹಗೆ ಒಬ್ಬನೇ: ಎದುರು ಸಾಲಿನ ಕ್ಷೌರದಂಗಡಿಯ ಸೊಗಾಬೆ ಯಾಸುತೆರು. ಇಬ್ಬರೂ ದಿನಾ ಬೆಳಿಗ್ಗೆ ಎದುರುಬದುರು ಬಾಗಿಲು ತೆರೆಯುತ್ತಿದ್ದರು. ಆದರೂ ಅವಳು ಅವನಿಗೆ ಒಂದು ವಡೆಯನ್ನೂ ಮಾರಿದವಳಲ್ಲ. ಅವನ ಹೆಂಡತಿ ಸುಮಿಎ ಬಂದರೆ ಮಾತ್ರ ಕೊಡುತ್ತಿದ್ದಳು. “ನಿನಗೆ ಅಂತ ಕೊಡ್ತಿದೀನಿ ಕಣೇ. ಅವನ ತಟ್ಟೆಗೆ ಹಾಕ್ಬೇಡ” ಎಂದು ಸೇರಿಸುವುದನ್ನು ಮರೆಯುತ್ತಿರಲಿಲ್ಲ.

ಕಾರಣ ಹಳೆಯದು. ಕಿನುಯೊಗೆ ಹದಿನಾರು ವರ್ಷವಾಗಿದ್ದಾಗ ಬಸ್ ನಿಲ್ದಾಣದ ಹಿಂದೆ, ನಾಣ್ಯ ಹಾಕಿ ವಿಡಿಯೊ ಆಟ ಆಡುವ ಒಂದು ಅಂಗಡಿಯಿತ್ತು. ಸಿಗರೇಟಿನ ಹೊಗೆ ತುಂಬಿದ ಆ ಕತ್ತಲೆ ಕೋಣೆಯಲ್ಲಿ ‘ಉಮಿಹೆಬಿ’ ಎಂಬ ಯಂತ್ರ. ಉಮಿಹೆಬಿ ಎಂದರೆ ಕಡಲಹಾವು. ಮುತ್ತು ಹೆಕ್ಕಲು ಇಳಿದ ಮುಳುಗುಗಾತಿಯೊಬ್ಬಳನ್ನು ಹಾವುಗಳು ಅಟ್ಟಿಸಿಕೊಂಡು ಬರುತ್ತವೆ, ಆಟ ಅಷ್ಟೇ. ಅಲ್ಲಿಗೆ ಹೋಗುತ್ತಿದ್ದ ಹುಡುಗಿ ಇವಳೊಬ್ಬಳೇ. ಪರದೆಯ ನೆತ್ತಿಯ ಮೇಲೆ ಸದಾ ಯಾಸುತೆರುವಿನ ಹೆಸರು ಕೂತಿರುತ್ತಿತ್ತು. ಒಂದು ದಿನ ಕಿನುಯೊ ಅವನಿಗಿಂತ ಹೆಚ್ಚು ಅಂಕ ಗಳಿಸಿ ಅದನ್ನು ಕೆಳಗಿಳಿಸಿದಳು.

ಮಾರನೆಯ ದಿನ ಅವಳು ಆಡುತ್ತಿದ್ದಾಗಲೇ ಎಣ್ಣೆವಾಸನೆಯ ಅಂಗಿಯಲ್ಲಿ ಅಪ್ಪ ಒಳಗೆ ನುಗ್ಗಿದರು. ಪೋಲಿಗಳು ಕೂರುವ ಜಾಗದಲ್ಲಿ ಮಗಳನ್ನು ಕಂಡು, ಹಿಂಗತ್ತಿನ ಕೂದಲು ಹಿಡಿದು, ಪೇಟೆಯುದ್ದಕ್ಕೂ ಎಳೆದುಕೊಂಡೇ ಹೋದರು. ಶಾಲೆ ಅಲ್ಲಿಗೆ ನಿಂತಿತು. ಕಿನುಯೊ ಅಪ್ಪನ ವಡೆಯಂಗಡಿಯಲ್ಲಿ ಬಾಣಲೆಯ ಮುಂದೆ ನಿಂತಳು. ಅಪ್ಪನಿಗೆ ಚಾಡಿ ಹೇಳಿದವರು ಯಾರೆಂದು ಯಾರೂ ಬಾಯಿ ಬಿಡಲಿಲ್ಲ. ಆದರೆ ಯಾಸುತೆರು ಅಂಗಡಿ ಮುಂದೆ ಹಾಯುವಾಗಲೆಲ್ಲ ತನ್ನ ಹಿಂಗತ್ತನ್ನು ತಾನೇ ಹಿಡಿದು ಹಲ್ಲು ಕಿರಿಯುತ್ತಿದ್ದ. ಅವಳಿಗೆ ಅಷ್ಟು ಸಾಕಾಗಿತ್ತು.

ಆಟದಂಗಡಿ ಮುಚ್ಚಿತು, ಯಂತ್ರ ಯಾವ ಗುಜರಿಗೆ ಹೋಯಿತೋ. ಅಪ್ಪ ತೀರಿಕೊಂಡರು. ಕಿನುಯೊ ಅಂಚೆಯವನೊಬ್ಬನನ್ನು ಮದುವೆಯಾಗಿ, ಮಕ್ಕಳನ್ನು ದಡ ಸೇರಿಸಿ, ಅರವತ್ತರ ಹತ್ತಿರ ಬಂದಳು. ಆಗ ಒಸಾಕಾದ ಕಂಪನಿಯೊಂದು ಹಳೆಯ ಯಂತ್ರದಾಟಗಳನ್ನು ಮನೆಯ ಟಿವಿಯಲ್ಲಿ ಆಡುವಂತೆ ಮತ್ತೆ ಹೊರತಂದಿತು. ಅದರಲ್ಲಿ ಉಮಿಹೆಬಿಯೂ ಇತ್ತು. ಊರಿನ ಪತ್ರಿಕೆ ಯಾಸುತೆರುವಿನ ಫೋಟೊ ಹಾಕಿ, ‘ಈ ಆಟದಲ್ಲಿ ಸೋಲನ್ನೇ ಕಾಣದ ನಮ್ಮೂರಿನ ವೀರ’ ಎಂದು ಬರೆಯಿತು.

ಕಿನುಯೊ ಒಲೆ ಆರಿಸಿ, ಮೀನಿನ ಕೈ ಒರೆಸಿಕೊಳ್ಳುತ್ತಲೇ ರಸ್ತೆ ದಾಟಿದಳು.

ಕ್ಷೌರದಂಗಡಿಯ ಟಿವಿಯಲ್ಲಿ ಆಟ ಓಡುತ್ತಿತ್ತು. ಮುಳುಗುಗಾತಿ ನೀರಿಗೆ ಬೀಳುವ ಆ ಹಳೆಯ ಸದ್ದು ಕೇಳಿದ್ದೇ ತಡ, ಕಿನುಯೊಗೆ ಹಿಂಗತ್ತನ್ನು ಯಾರೋ ಹಿಡಿದಂತಾಯಿತು. ಕುರ್ಚಿಯಲ್ಲಿ ಮುಖದ ತುಂಬ ನೊರೆ ಹಚ್ಚಿಸಿಕೊಂಡು ಮುದಿ ಬೆಸ್ತ ಗೊನ್ಸಾಕು ಕಾಯುತ್ತಿದ್ದ.

“ಸೋಲನ್ನೇ ಕಾಣದವನು ನೀನಾ?” ಎಂದಳು ಕಿನುಯೊ.

“ಪೇಪರ್‌ನೋರು ಸುಳ್ಳು ಬರೀತಾರಾ?” ಎಂದ ಯಾಸುತೆರು, ಕತ್ತಿ ಕೆಳಗಿಡದೆ.

“ಕೂತ್ಕೊ. ಈಗಲೇ ಆಡೋಣ.”

ಅವನು ಮೊದಲು ಆಡಿದ. ಮೂರನೆಯ ಗುಹೆಯಲ್ಲಿ ಹಾವು ಕಚ್ಚಿತು. ತಕ್ಷಣ ಅವನು ಯಾವುದೋ ಗುಂಡಿ ಒತ್ತಿದ; ಚಿತ್ರ ಹಿಂದಕ್ಕೆ ಸರಿದು, ಸತ್ತವಳು ಎದ್ದು ನಿಂತಳು.

“ಏನೋ ಇದು? ಹೆಣ ಎದ್ದು ಈಜ್ತಿದೆ!”

“ಹೊಸ ಸೌಕರ್ಯ. ಕಂಪನಿಯೋರೇ ಕೊಟ್ಟಿದಾರೆ. ನಿಂಗೆ ಬಾಣಲೆ ಬಿಟ್ಟು ಇನ್ನೇನು ಗೊತ್ತು?”

“ನೀನು ಸತ್ತಿದ್ದು ನಾನೂ ನೋಡಿದೆ ಕಣಯ್ಯಾ,” ಎಂದ ಗೊನ್ಸಾಕು ನೊರೆಯೊಳಗಿಂದ. “ನನ್ನ ಗಡ್ಡ ಒಣಗ್ತಾ ಇದೆ, ಅದನ್ನ ಯಾವ ಗುಂಡಿ ಒತ್ತಿ ಸರಿ ಮಾಡ್ತೀಯಾ?”

ಕಸ ಗುಡಿಸುತ್ತಿದ್ದ ಸುಮಿಎ ಕಿಸಕ್ಕನೆ ನಕ್ಕಳು. ಗಂಡ ದುರುಗುಟ್ಟಿ ನೋಡಿದ.

ಕಿನುಯೊ ಗುಂಡಿಯ ಸಹಾಯವಿಲ್ಲದೆ ಆಡಿದಳು, ಹೀನಾಯವಾಗಿ ಸೋತಳು. ಬೆರಳುಗಳು ಎಣ್ಣೆಯ ಕಾವಿಗೆ ಮರಗಟ್ಟಿದ್ದವು. “ಹೋಗು, ಹೋಗಿ ವಡೆ ಕರಿ,” ಎಂದು ಯಾಸುತೆರು ಬಾಗಿಲವರೆಗೂ ಬಂದು ಬೀದಿಗೆ ಕೇಳುವಂತೆ ಕೂಗಿದ.

ಅವಳು ಅದೇ ಆಟವನ್ನು ಕೊಂಡು ತಂದಳು. ಮಳೆಗಾಲವಿಡೀ ಮನೆಯ ಟಿವಿ ಅವಳದೇ ಆಯಿತು. “ಬೇಸ್‌ಬಾಲ್ ನೋಡೋಕೂ ಬಿಡಲ್ವಲ್ಲೇ” ಎಂದು ಗಂಡ ಗೊಣಗಿದರೆ, “ರೇಡಿಯೊ ಇದೆಯಲ್ಲ, ಕೇಳ್ರೀ” ಎನ್ನುತ್ತಿದ್ದಳು. ಬೈಯುತ್ತಲೇ ಆಡಿದಳು. ಪ್ರತಿ ಹಾವಿಗೂ ಯಾಸುತೆರು ಎಂದೇ ಹೆಸರಿಟ್ಟಳು. ಬೆರಳಿಗೆ ಹಳೆಯ ಆಟ ಮೆಲ್ಲನೆ ನೆನಪಾಯಿತು.

ಕಿತ್ತಳೆ ಹಣ್ಣಾಗುವ ಹೊತ್ತಿಗೆ ಅವಳು ಮತ್ತೆ ರಸ್ತೆ ದಾಟಿದಳು. ಈ ಸಲ ಬೆಂಚಿನ ಮೇಲೆ ಗಿರಾಕಿಗಳು ಸಾಲಾಗಿ ಕೂತಿದ್ದರು. ಹಿಂದೆ ಸರಿಸುವ ಗುಂಡಿ ಮುಟ್ಟಿದರೆ ಸೋತಂತೆ ಎಂದು ಅವರೇ ತೀರ್ಪು ಕೊಟ್ಟರು. ಯಾಸುತೆರು ಆಡಿದ, ಚೆನ್ನಾಗಿಯೇ ಆಡಿದ. ಕಿನುಯೊ ಅವನನ್ನು ದಾಟಿ ಹೋದಳು. ಅವನು ಎಂದೂ ಕಾಣದ ಗುಹೆಗಳವರೆಗೂ ಹೋದಳು. ಬೆಂಚು ಹೋ ಎಂದಿತು.

ಯಾಸುತೆರುವಿನ ಮುಖ ಕೆಂಪಾಯಿತು. “ಇದಕ್ಕೇ ಅಲ್ವಾ ನಿಮ್ಮಪ್ಪನಿಗೆ ಹೇಳಿದ್ದು! ಒಂದು ಹೆಣ್ಣಿನ ಕೆಳಗೆ ನನ್ನ ಹೆಸರು ಇರ್ಬೇಕಿತ್ತಾ?”

ಸುಮಿಎ ಪೊರಕೆ ಕೈಬಿಟ್ಟಳು.

“ನಾನೇ ತಪ್ಪು ತಿಳಿದಿರಬಹುದೇನೋ ಅಂತ ಆಗೀಗ ಅನ್ನಿಸ್ತಿತ್ತು,” ಎಂದಳು ಕಿನುಯೊ. “ಒಳ್ಳೇದಾಯ್ತು, ಬಾಯಿ ಬಿಟ್ಟೆ. ನನ್ನ ಶಾಲೆ ತಿಂದೆಯಲ್ಲೋ, ಹಾಳಾದವನೇ.”

ಅವನು ಟಿವಿಯ ಕಡೆ ತಿರುಗಿ, ಎಲ್ಲರ ಕಣ್ಣೆದುರೇ ಅವಳ ಅಂಕ ಅಳಿಸಿಹಾಕಿದ. ಕುರ್ಚಿಯಲ್ಲಿದ್ದ ಗೊನ್ಸಾಕು ಎದ್ದು, ಅರ್ಧ ಕತ್ತರಿಸಿದ ಕೂದಲಲ್ಲೇ ಹೊರನಡೆದ. ಕಿನುಯೊ ಅಲ್ಲೇ ನಿಂತು ಯಾಸುತೆರು ಖಾಲಿ ಕುರ್ಚಿಯ ಬಟ್ಟೆ ಕೊಡವುವುದನ್ನು ಕಣ್ತುಂಬ ನೋಡಿದಳು. ಕನಿಕರ ಬರಲಿಲ್ಲ. ಬರಲಿ ಎಂದು ಅವಳು ಕಾಯಲೂ ಇಲ್ಲ.

ಪತ್ರಿಕೆ ಏನನ್ನೂ ತಿದ್ದಲಿಲ್ಲ. ಎದುರುಬದುರಿನ ಬಾಗಿಲುಗಳು ಮೊದಲಿನಂತೆಯೇ ತೆರೆದವು, ಮುಚ್ಚಿದವು. ಆದರೆ ಮುಂದಿನ ಸೋಮವಾರ, ಕ್ಷೌರದಂಗಡಿಗೆ ರಜೆಯಿದ್ದ ದಿನ, ಸುಮಿಎ ಕೈಯಲ್ಲಿ ಕಿತ್ತಳೆ ಚೀಲ ಹಿಡಿದು ಕಿನುಯೊಳ ಮನೆಗೆ ಬಂದಳು.

“ಅಕ್ಕಾ, ನಂಗೂ ಕಲಿಸ್ಕೊಡಿ. ಮನೇಲಿ ದಿನಾ ಅವರದೇ ಜಂಭ. ಒಂದೇ ಒಂದು ಸಲ ಅವರ ಬಾಯಿ ಮುಚ್ಚಿಸ್ಬೇಕು.”

ಕಿನುಯೊ ಅವಳನ್ನು ಟಿವಿಯ ಮುಂದೆ ಕೂರಿಸಿದಳು. “ಮೊದಲು ಹಾವಿನ ಬಾಲ ನೋಡೋದು ಕಲಿ,” ಎಂದಳು.