ಬಾಲ್ಕನಿಯ ಹೊಗೆಪೆಟ್ಟಿಗೆ

ನಮ್ಮ ಕಟ್ಟಡದ ಹಾರಿಸ್ ಬಾಗಿಲು ತಟ್ಟುವವನಲ್ಲ, ಗುದ್ದುವವನು. ಹಾರಿಸ್ ಅಂದರೆ ಇಲ್ಲಿ ಕಾವಲುಗಾರ. ಆದರೆ ಸಾಲ್ಮಿಯಾದ ನಮ್ಮಂಥ ಬಾಡಿಗೆದಾರರ ಪಾಲಿಗೆ ಅವನು ಅರ್ಧ ಪೊಲೀಸ್, ಅರ್ಧ ಮಾಲೀಕ. ಬಾಡಿಗೆ ಕಟ್ಟಿದ್ದರೂ, ಯಾವ ತಪ್ಪೂ ಮಾಡದಿದ್ದರೂ ಅವನ ಗುದ್ದು ಕೇಳಿದರೆ ನನ್ನ ಎದೆ ಧಸಕ್ಕೆನ್ನುತ್ತದೆ. ಕುವೈತಿಗೆ ಬಂದು ಇಷ್ಟು ವರ್ಷವಾದರೂ ಅದು ಕಡಿಮೆಯಾಗಿಲ್ಲ. ನನಗೆ ಹೆದರಿಕೆ ಜಾಸ್ತಿ, ಒಪ್ಪಿಕೊಳ್ಳುತ್ತೇನೆ. ಲಿಫ್ಟ್ ಕುಲುಕಿದರೆ ಹೆದರಿಕೆ, ಮಗಳ ಸ್ಕೂಲ್ ಬಸ್ ತಡವಾದರೆ ಹೆದರಿಕೆ, ಇಲ್ಲಿ ವಾಸಿಸುವ ಪರವಾನಗಿ, ಅಂದರೆ ಇಕಾಮಾ, ಮುಗಿಯುವ ತಿಂಗಳು ಬಂತೆಂದರೆ ಊಟವೇ ಸೇರುವುದಿಲ್ಲ.

“ನಿನಗೆ ಹೆದರ್ಲಿಕ್ಕೆ ಎಂತದೂ ಇಲ್ಲದಿದ್ರೆ, ಎಂತದೂ ಇಲ್ವಲ್ಲ ಅಂತ ಹೆದರ್ತಿ ಮಾರಾಯ್ತಿ” ಎಂದು ನನ್ನ ಗಂಡ ನಗುತ್ತಾರೆ.

ನಗುವ ಈ ಮನುಷ್ಯನ ಕೆಲಸವೇ ಇತರರ ಪರವಾಗಿ ಹೆದರುವುದು. ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಟ್ಯಾಂಕಿನೊಳಗೆ ಆಳುಗಳು ಇಳಿಯುವ ಮೊದಲು ಅಲ್ಲಿಯ ಗಾಳಿಯನ್ನು ಪರೀಕ್ಷಿಸುವವರು ಇವರು. ಅದಕ್ಕೊಂದು ಹಳದಿ ಬಣ್ಣದ ಯಂತ್ರ, ಬಟ್ಟೆ ಸೋಪಿನಷ್ಟು ದೊಡ್ಡದು. ವಿಷದ ಗಾಳಿ ಇದ್ದರೆ ಕೂಗುತ್ತದೆ. ಸೈಟಿನಲ್ಲಿ ಇಟ್ಟರೆ ಚಾರ್ಜರ್ ಮಾಯವಾಗುತ್ತದೆಂದು ಅದನ್ನು ಮನೆಗೇ ತಂದು ಚಾರ್ಜಿಗೆ ಹಾಕುತ್ತಾರೆ. ಕೆಲಸಕ್ಕೆ ಹೊರಡುವಾಗ ಬಾಗಿಲ ಬಳಿ ನಿಂತು ಅದರ ಗುಂಡಿ ಒತ್ತುತ್ತಾರೆ. ಅದು ಒಂದು ಸಲ ಕೂಗಿ ಸುಮ್ಮನಾಗುತ್ತದೆ. ನನಗೂ ಮಗಳಿಗೂ ಆ ಕೂಗು ಅಂದರೆ ಅಪ್ಪ ಹೊರಟರು ಎಂದೇ ಲೆಕ್ಕ.

ಮಗಳಿಗೆ ಹತ್ತು ತುಂಬುವ ಚಳಿಗಾಲ ಅದು. ಹುಟ್ಟುಹಬ್ಬಕ್ಕೆ ಅವಳಿಗೆ ಬಾರ್ಬೆಕ್ಯೂ ಬೇಕಂತೆ. ಅವಳ ಕ್ಲಾಸಿನವರೆಲ್ಲ ಮರುಭೂಮಿಯಲ್ಲಿ ಡೇರೆ ಹಾಕಿ ಕೋಳಿ ಸುಡುತ್ತಾರಂತೆ. “ಎವ್ರಿಬಡಿ ಡಸ್ ಇಟ್, ಅಮ್ಮಾ” ಎಂದು ಗೋಗರೆದಳು. ನಾವು ಕನ್ನಡದಲ್ಲಿ ಕೇಳುತ್ತೇವೆ, ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ನಮ್ಮ ಮನೆ ನಡೆಯುವುದೇ ಹಾಗೆ.

ಕೆಂಡ ಎಂದರೆ ನನಗೆ ಆಗದು. ಪ್ರತಿ ಚಳಿಗಾಲ ಇಲ್ಲಿ ಅಂಥ ಸುದ್ದಿ ಕಿವಿಗೆ ಬೀಳುತ್ತದೆ. ಚಳಿ ಎಂದು ಯಾರೋ ಡೇರೆಯೊಳಗೋ ಮುಚ್ಚಿದ ಕೋಣೆಯೊಳಗೋ ಕೆಂಡ ಇಟ್ಟುಕೊಂಡು ಮಲಗುತ್ತಾರೆ, ಬೆಳಿಗ್ಗೆ ಏಳುವುದಿಲ್ಲ. ಕೆಂಡದಿಂದ ಏಳುವ ವಿಷದ ಗಾಳಿಗೆ ವಾಸನೆಯಿಲ್ಲ, ಬಣ್ಣವಿಲ್ಲ, ತಲೆನೋವು ಬಂದು ನಿದ್ದೆ ಬಂದ ಹಾಗಾಗುತ್ತದೆ, ಅಷ್ಟೇ ಎಂದು ಗಂಡ ಒಮ್ಮೆ ವಿವರಿಸಿದ್ದರು. ಆಮೇಲೆ ನಾನು ದೇವರ ಮುಂದೆ ಧೂಪ ಹಾಕುವಾಗಲೂ ಕಿಟಕಿ ತೆರೆಯತೊಡಗಿದೆ. ಪಕ್ಕದ ಬೀದಿಯ ಕಟ್ಟಡವೊಂದಕ್ಕೆ ಬೆಂಕಿ ಬಿದ್ದ ಮೇಲಂತೂ ನಮ್ಮ ಲಿಫ್ಟಿನಲ್ಲೂ ನೋಟಿಸು ಅಂಟಿಸಿದರು. ಬಾಲ್ಕನಿಯಲ್ಲಿ ಇದ್ದಿಲು, ಒಲೆ ಎಲ್ಲ ನಿಷೇಧ.

ಹಾಗಾಗಿ ಮೀನು, ಕೋಳಿಯನ್ನು ಹೊಗೆಯಲ್ಲೇ ಬೇಯಿಸುವ ವಿದ್ಯುತ್ ಸ್ಮೋಕರ್ ತರೋಣ ಎಂದು ಹೇಳಿದವಳು ನಾನೇ. ಕೆಂಡ ಇಲ್ಲ, ಜ್ವಾಲೆ ಇಲ್ಲ, ಪ್ಲಗ್ ಹಾಕಿದರೆ ಮುಗಿಯಿತು. ರುಮೈಥಿಯಾದ ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಶನಿಸ್ಟ್ ಆಗಿರುವ ನನಗೆ ಮಧ್ಯಾಹ್ನ ರೋಗಿಗಳು ಕಡಿಮೆ. ಒಂದು ವಾರ ಫೋನಿನಲ್ಲಿ ಅದನ್ನೇ ಓದಿದೆ. ಮದುವೆಗೆ ಗಂಡು ನೋಡುವಾಗಲೂ ನಮ್ಮ ಮನೆಯಲ್ಲಿ ಇಷ್ಟು ವಿಚಾರಿಸಿರಲಿಲ್ಲ.

ಅಂಗಡಿಯಲ್ಲಿ ಗಂಡನ ಕಣ್ಣು ಬಿದ್ದದ್ದು ಆಳೆತ್ತರದ ಒಂದರ ಮೇಲೆ. ಮುಂದೆ ಗಾಜು, ಒಳಗೆ ದೀಪ, ಫೋನಿನಿಂದಲೇ ಬಿಸಿ ಏರಿಸಬಹುದಂತೆ. “ಫೋನಿಂದ ಬಿಸಿ ಮಾಡುವ ಸಾಮಾನು ನನಗೆ ಬೇಡ ಮಾರಾಯ್ರೆ. ನೀವು ಎಲ್ಲೋ ಕೂತು ಎಂತದೋ ಒತ್ತಿದ್ರೆ?” ಎಂದೆ. ಇನ್ನೊಂದು ಅಗ್ಗದ್ದಿತ್ತು, ಆದರೆ ಅಮೆರಿಕದ ಮಾಲು, ನೂರಹತ್ತು ವೋಲ್ಟಿನದು. ಇಲ್ಲಿಯ ಕರೆಂಟಿಗೆ ಹಾಕಬೇಕಾದರೆ ಟ್ರಾನ್ಸ್‌ಫಾರ್ಮರ್ ಬೇರೆ ತರಬೇಕು. ಅದನ್ನು ನೋಡಿಯೇ ನನಗೆ ಸುಟ್ಟ ವೈರಿನ ವಾಸನೆ ಬಂದಂತಾಯಿತು. ಕೊನೆಗೆ ಒಪ್ಪಿಗೆಯಾದದ್ದು ಕುಳ್ಳಗಿನ ಕಪ್ಪು ಪೆಟ್ಟಿಗೆ. ತಿರುಗಿಸಲು ಒಂದೇ ಗುಂಡಿ, ಒಳಗೆ ಮೂರು ಜಾಲರಿ, ಕೆಳಗೆ ನೀರಿನ ತಟ್ಟೆ, ಮರದ ಚೂರು ಹಾಕಲು ಪಕ್ಕದಲ್ಲೊಂದು ಪುಟ್ಟ ಡ್ರಾಯರ್. ನಮ್ಮ ಇಡ್ಲಿ ಪಾತ್ರೆಗಿಂತ ಕಷ್ಟದ್ದಲ್ಲ ಅನಿಸಿತು.

“ಕೆಂಡ ಇಲ್ಲ ಅಲ್ವಾ?” ಎಂದು ನಾನು ಕೇಳಿ ಕೇಳಿ ಹೈದರಾಬಾದಿನ ಆ ಸೇಲ್ಸ್‌ಮನ್ ಸುಸ್ತಾಗಿದ್ದ. “ಕೋಯ್ಲಾ ನಹೀಂ ಭಾಬೀ, ಬಸ್ ಮುಟ್ಟೀ ಭರ್ ಲಕ್ಡೀ” ಎಂದ. ಒಂದು ಹಿಡಿ ಮರದ ಚೂರು ಮಾತ್ರ, ಅದೂ ಉರಿಯುವುದಿಲ್ಲ, ಸುಮ್ಮನೆ ಹೊಗೆಯಾಡುತ್ತದೆ. ನಾನು ನಿರಾಳವಾಗಿ ಉಸಿರುಬಿಟ್ಟೆ.

ಮನೆಗೆ ಬಂದು ಗಂಡ ಕೈಪಿಡಿ ಓದಿದರು. ಹೊರಗಡೆ ಮಾತ್ರ ಬಳಸಬೇಕು ಎಂದಿತ್ತು. “ಬಾಲ್ಕನಿ ಹೊರಗೇ ಅಲ್ವಾ?” ಎಂದರು. ನಾನೂ ಹೌದೆಂದೆ. ಇಲ್ಲಿಯ ಬಾಲ್ಕನಿಗಳೆಲ್ಲ ಹೊರಗಿನವೇ. ಧೂಳು ತಡೆಯಲಾಗದೆ ನಾವೆಲ್ಲ ಅವಕ್ಕೆ ಅಲ್ಯೂಮಿನಿಯಂ ಚೌಕಟ್ಟು, ಗಾಜಿನ ಕಿಟಕಿ ಹಾಕಿಸಿಕೊಂಡು, ಆಮೇಲೂ ಹೊರಗೆ ಎಂದೇ ಕರೆಯುತ್ತೇವೆ.

ಮೊದಲ ಸಲ ಕಿಟಕಿಗಳನ್ನೆಲ್ಲ ತೆರೆದಿಟ್ಟು ಬಂಗುಡೆ ಹಾಕಿದೆವು. ಮೀನು ಬೇಯುವ ಮೊದಲೇ ಬಾಗಿಲಿಗೆ ಗುದ್ದು ಬಿತ್ತು. ಮೇಲಿನ ಮನೆಯವರು ದೂರಿದ್ದರು.

“ಫಹಮ್? ಫಹಮ್ ಮಮ್ನೂ!” ಹಾರಿಸ್‌ನ ಧ್ವನಿ ಮೆಟ್ಟಿಲುಗಳಲ್ಲೆಲ್ಲ ಕೇಳುವಂತಿತ್ತು. ಇದ್ದಿಲು ನಿಷೇಧ ಎನ್ನುತ್ತಿದ್ದ. ಗಂಡ ಅವನನ್ನು ಕರೆದುಕೊಂಡು ಹೋಗಿ ಪೆಟ್ಟಿಗೆ ತೋರಿಸಿದರು. ನೋಡು, ಇದ್ದಿಲಿಲ್ಲ, ಕರೆಂಟು. ಅವನು ಬಗ್ಗಿ ನೋಡಿದ. ಆಮೇಲೆ ಕಿಟಕಿಯಿಂದ ಹೊರಗೆ ಹೋಗುತ್ತಿದ್ದ ಹೊಗೆಯತ್ತ ಬೆರಳು ಮಾಡಿದ. “ದುಖಾನ್ ಮಮ್ನೂ.” ಹೊಗೆಯೂ ನಿಷೇಧ. ಇನ್ನೊಂದು ಸಲ ಹೊಗೆ ಕಂಡರೆ ಮಾಲೀಕನಿಗೆ ಹೇಳುತ್ತೇನೆ, ಖಲಾಸ್ ಎಂದು ಕೈ ಝಾಡಿಸಿ ಹೋದ.

ಆ ದಿನ ಊಟಕ್ಕೆ ಕೂತಾಗ ನನ್ನ ಬಾಯಿ ನಿಲ್ಲಲಿಲ್ಲ. “ಮನೆ ಖಾಲಿ ಮಾಡಿಸ್ತಾರೆ. ಮುನ್ಸಿಪಾಲಿಟಿಯವರಿಗೆ ಕಂಪ್ಲೇಂಟ್ ಕೊಟ್ರೆ ನಿಮ್ಮ ಕಂಪನಿಗೆ ಹೋಗ್ತದೆ. ಇಕಾಮಾ ರಿನ್ಯೂ ಆಗುದಿಲ್ಲ. ಮೂರೂ ಜನ ಊರಿಗೆ ಹೋಗ್ಲಿಕ್ಕೆ ಪೆಟ್ಟಿಗೆ ಕಟ್ಟುದೇ!”

“ಸುಮ್ಮನೆ ಮಂಡೆಬಿಸಿ ಮಾಡ್ಬೇಡ. ಬಂಗುಡೆ ಸುಟ್ಟದ್ದಕ್ಕೆ ಯಾರೂ ಗಡಿಪಾರು ಮಾಡುದಿಲ್ಲ” ಎಂದರು ಗಂಡ.

ಮಗಳು ಮೀನಿನ ಮುಳ್ಳು ಬಿಡಿಸುತ್ತ ತಲೆ ತಗ್ಗಿಸಿ ಕೂತಿದ್ದಳು. ಕೇಳಿಸಿಕೊಳ್ಳುತ್ತಿಲ್ಲವೆಂದೇ ನಾನು ತಿಳಿದಿದ್ದೆ.

ಹುಟ್ಟುಹಬ್ಬದ ಶುಕ್ರವಾರ ಗಂಡನಿಗೆ ಮಧ್ಯಾಹ್ನದ ಶಿಫ್ಟ್. ಅವರು ಹೊರಡುವ ಮೊದಲು ಕೇಕ್ ಕತ್ತರಿಸಿದೆವು. ಮಗಳಿಗೆ ಕೊಟ್ಟ ಮಾತು ತಪ್ಪಲಾಗದೆ ಕೋಳಿ ಬೆಳಿಗ್ಗೆಯೇ ಪೆಟ್ಟಿಗೆ ಸೇರಿತ್ತು. ಕಿಟಕಿಯನ್ನು ಪೂರ್ತಿ ತೆರೆಯಲು ನನಗೆ ಧೈರ್ಯವಿಲ್ಲ, ಪೂರ್ತಿ ಮುಚ್ಚಲೂ ಮನಸ್ಸಿಲ್ಲ. ನಾಲ್ಕು ಬೆರಳಿನಷ್ಟು ತೆರೆದಿಟ್ಟಿದ್ದೆ. ಬಾಲ್ಕನಿ ಇರುವುದು ಮಗಳ ಕೋಣೆಗೆ ತಾಗಿಯೇ. ಕೇಕ್ ತಿಂದವಳು ಬಾಲ್ಕನಿಯ ಪುಟ್ಟ ಮೇಜಿನ ಬಳಿ, ಕೆಳಗಿನ ಪಾರ್ಕಿಂಗ್ ಕಾಣುವಂತೆ ಕುರ್ಚಿ ಹಾಕಿಕೊಂಡು ಕೂತಳು.

“ಐ ವಿಲ್ ವಾಚ್ ಫಾರ್ ಹಾರಿಸ್” ಎಂದಳು. ನಾವಿಬ್ಬರೂ ನಕ್ಕೆವು.

ನಾನು ಅಡುಗೆಮನೆಯಲ್ಲಿ ನೀರುದೋಸೆಗೆ ನಿಂತೆ. ಸ್ವಲ್ಪ ಹೊತ್ತಿಗೆ ಗಂಡ ಬೂಟು ಹಾಕಿಕೊಂಡು, ಬಾಗಿಲ ಬಳಿ ನಿಂತು ಎಂದಿನಂತೆ ಯಂತ್ರದ ಗುಂಡಿ ಒತ್ತಿದರು. ಅದು ಕೂಗಿತು. ನಿಲ್ಲುತ್ತದೆಂದು ಕಾದೆ. ನಿಲ್ಲಲಿಲ್ಲ.

“ಹಾಳಾಯ್ತಾ ಎಂತ ಇದು?” ಎಂದು ಅವರು ಅದನ್ನು ಅಂಗೈಗೆ ಕುಟ್ಟಿದರು. ಆಮೇಲೆ ಅದರ ಮುಖ ನೋಡಿದರು. ಕೋಣೆಗಳ ಕಡೆ ಎರಡು ಹೆಜ್ಜೆ ಇಟ್ಟರು. ಕೂಗು ಜೋರಾಯಿತು.

“ಪುಟ್ಟಿ ಎಲ್ಲಿ?”

ಅವರು ಕಿರುಚಲಿಲ್ಲ. ಬಹಳ ಮೆಲ್ಲಗೆ ಕೇಳಿದರು. ಆ ಮೆಲು ದನಿ ಕೇಳಿದ್ದೇ ನಾನು ಒಲೆ ಬಿಟ್ಟು ಓಡಿದೆ. ದೋಸೆ ಸಟ್ಟುಗ ಎಲ್ಲಿ ಬಿತ್ತೋ ತಿಳಿಯದು.

ಅವಳ ಕೋಣೆಯ ಬಾಗಿಲು ಹಾಕಿತ್ತು. ತಳ್ಳಿದರೆ ಏನೋ ಅಡ್ಡ. ವಾಸನೆ ಮೆಟ್ಟಿಲಿಗೆ ಹೋಗಬಾರದೆಂದು ಸಂದಿಗೆ ಟವೆಲ್ ತುರುಕಿದ್ದಳು ಹುಡುಗಿ. ಒಳಗೆ ದಟ್ಟ ಹೊಗೆಯೇನೂ ಇರಲಿಲ್ಲ. ಕೋಳಿ ಘಮ್ಮೆನ್ನುತ್ತಿತ್ತು. ಬಾಲ್ಕನಿಯ ಕಿಟಕಿ ಪೂರ್ತಿ ಮುಚ್ಚಿತ್ತು, ಚಿಲಕ ಹಾಕಿತ್ತು. ಅವಳು ಮೇಜಿನ ಮೇಲೆ ಕೆನ್ನೆಯಿಟ್ಟು ಮಲಗಿದ್ದಳು, ಮುಖ ಪಾರ್ಕಿಂಗ್ ಕಡೆಗೇ.

ಕರೆದೆ. ಏಳಲಿಲ್ಲ. ಗಂಡ ಅವಳನ್ನು ಹೆಗಲಿಗೆ ಹಾಕಿಕೊಂಡು ಓಡಿದರು. ಅವಳ ಕೈಗಳು ಅವರ ಬೆನ್ನ ಮೇಲೆ ಒದ್ದೆ ಬಟ್ಟೆಯಂತೆ ಜೋಲಾಡುತ್ತಿದ್ದವು. ದೇವರೇ, ಇವಳೊಬ್ಬಳನ್ನು ಬಿಡು, ಮನೆ ತಗೋ, ಇಕಾಮಾ ತಗೋ, ಎಲ್ಲ ತಗೋ ಎನ್ನುತ್ತ ನಾನು ಬರಿಗಾಲಲ್ಲಿ ಹಿಂದೆ ಇಳಿದೆ. ಕೆಳಗೆ ಬಾಗಿಲಾಚೆ ತಣ್ಣನೆ ಗಾಳಿಯಲ್ಲಿ ಅವಳನ್ನು ನನ್ನ ತೊಡೆಯ ಮೇಲೆ ಮಲಗಿಸಿದರು. ಕೆನ್ನೆ ತಟ್ಟಿದೆ, ಉಜ್ಜಿದೆ, ಹೆಸರು ಹಿಡಿದು ಕೂಗಿದೆ. ಎಷ್ಟು ಹೊತ್ತೋ. ಕೊನೆಗೆ ಅವಳು ಕೆಮ್ಮಿ, ತಿಂದ ಕೇಕನ್ನೆಲ್ಲ ನನ್ನ ಮಡಿಲಿಗೇ ಕಾರಿದಳು. ಜನ್ಮದಲ್ಲಿ ಯಾವ ಹೊಲಸನ್ನೂ ನಾನು ಅಷ್ಟು ಸಂತೋಷದಿಂದ ಮುಟ್ಟಿಲ್ಲ.

ಕೂಗಾಟ ಕೇಳಿ ಹಾರಿಸ್ ಓಡಿ ಬಂದ. ಅವನ ಚಪ್ಪಲಿಯ ಸದ್ದಿಗೆ ಅವಳು ಅರೆಗಣ್ಣು ತೆರೆದಳು. ನನ್ನ ಕೊರಳಪಟ್ಟಿ ಹಿಡಿದೆಳೆದು ಕಿವಿಯಲ್ಲಿ ಉಸುರಿದಳು: “ಡೋಂಟ್ ಟೆಲ್ ಹಿಮ್, ಅಮ್ಮಾ. ದೇ ವಿಲ್ ಸೆಂಡ್ ಅಸ್ ಬ್ಯಾಕ್. ಐ ಕ್ಲೋಸ್ಡ್ ಎವ್ರಿಥಿಂಗ್.”

ನನ್ನ ಮಾತುಗಳೇ. ಬಂಗುಡೆಯ ತಟ್ಟೆಯ ಮುಂದೆ ಕೂತು ನಾನು ಅರಚಿದ್ದೆಲ್ಲ ಅವಳ ಹೊಟ್ಟೆಯಲ್ಲಿ ಹಾಗೇ ಕೂತಿತ್ತು.

“ದುಖಾನ್!” ಎಂದು ನಾನು ಹಾರಿಸ್‌ಗೆ ಕೂಗಿ ಹೇಳಿದೆ. “ನಮ್ಮ ಮನೆಯದ್ದು. ನಮ್ಮದೇ. ಹೋಗು, ಎಲ್ಲ ಕಿಟಕಿ ತೆಗಿ, ಯಲ್ಲಾ, ಬೇಗ!” ಕನ್ನಡವೋ ಅರಬಿಯೋ, ಅವನಿಗೆ ಅರ್ಥವಾಯಿತು. ಫೋನಿನಲ್ಲಿ ಆಂಬ್ಯುಲೆನ್ಸಿಗೆ ಕೂಗುತ್ತಲೇ ಮೆಟ್ಟಿಲು ಹತ್ತಿದ. ಮಗಳು ನನ್ನ ಮಡಿಲಲ್ಲಿ ಗಡಗಡ ನಡುಗುತ್ತಿದ್ದಳು. ಚಳಿಗಲ್ಲ, ನಾನು ಹೇಳಿಬಿಟ್ಟೆನಲ್ಲ ಎಂದು.

ಆಸ್ಪತ್ರೆಯಲ್ಲಿ ಸಂಜೆಯವರೆಗೂ ಆಕ್ಸಿಜನ್ ಕೊಟ್ಟರು. ಇನ್ನು ಸ್ವಲ್ಪ ತಡವಾಗಿದ್ದರೆ ಎಂದು ಡಾಕ್ಟರ್ ಶುರು ಮಾಡಿದಾಗ ನಾನು ಕೈಮುಗಿದು ತಡೆದೆ. ಗಂಡ ಶಿಫ್ಟಿನ ಬಟ್ಟೆಯಲ್ಲೇ ಗೋಡೆಗೊರಗಿ ನಿಂತಿದ್ದರು. “ಉರಿಯದೆ ಹೊಗೆಯಾಡುವ ಮರ. ಕೆಂಡದ್ದೇ ಗ್ಯಾಸ್ ಅದು. ನನಗೆ ಗೊತ್ತಿರ್ಬೇಕಿತ್ತು. ನನಗೇ ಗೊತ್ತಿರ್ಬೇಕಿತ್ತು” ಎಂದಷ್ಟೇ ಹೇಳುತ್ತಿದ್ದರು. ಆಮೇಲೆ ಅವರು ನನ್ನ ಹೆದರಿಕೆಯನ್ನು ಗೇಲಿ ಮಾಡಿಲ್ಲ. ಮಾಡಿದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನಿಸಿದೆ.

ನಮ್ಮನ್ನು ಯಾರೂ ಮನೆ ಬಿಡಿಸಲಿಲ್ಲ, ಊರಿಗೂ ಕಳಿಸಲಿಲ್ಲ. ಪೆಟ್ಟಿಗೆಯನ್ನು ಹಾರಿಸ್ ತಾನೇ ಹೊತ್ತು ಕೆಳಗೆ ಇಟ್ಟ. ಆಮೇಲೆ ಅದು ಎಲ್ಲಿ ಹೋಯಿತೆಂದು ನಾನು ಕೇಳಲಿಲ್ಲ. ಮಗಳು ಆರೋಗ್ಯವಾಗಿದ್ದಾಳೆ, ಓದುತ್ತಾಳೆ, ಜಗಳ ಆಡುತ್ತಾಳೆ. ಹಾರಿಸ್ ಈಗಲೂ ಬಾಗಿಲು ಗುದ್ದುತ್ತಾನೆ, ನೀರಿನ ಟ್ಯಾಂಕ್ ತೊಳೆಯುವ ದಿನ ತಿಳಿಸಲಿಕ್ಕೋ ಮತ್ತೆಂತಕ್ಕೋ. ಗುದ್ದು ಬಿದ್ದ ಕೂಡಲೇ ನನ್ನ ಮಗಳು ಎದ್ದು ಕಿಟಕಿ ಮುಚ್ಚಲು ಓಡುತ್ತಾಳೆ. ನಾನು ಬಾಗಿಲು ಬಿಟ್ಟು ಅವಳ ಹಿಂದೆಯೇ ಓಡಿ ತೆರೆಯುತ್ತೇನೆ.